ಚಕ್ರಪಾಣಿಯವರ ಮುಯ್ತು ಬೇಂ

ಯಾವುದಾದರೂ ಮನಸ್ಸಿಗೆ ಒಪ್ಪಿತೆಂದರೆ ಚಕ್ರಪಾಣಿಯವರ ಬಲಗೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಕಿವಿಯ ಹಾಲೆಯನ್ನು ಎರಡು ಬೆರಳುಗಳ ನಡುವೆ ಹಿಡಿದು, ಕಣ್ಣು ಅರೆಮುಚ್ಚಿ, 'ಮುಯ್ತು ಬೇಂ' ಎನ್ನುವರು. ಬಹಳ ಚೆನ್ನಾಗಿದೆ ಎನ್ನುವುದಕ್ಕೆ ಪೋರ್ಚುಗೀಸರ ಮಾತಂತೆ ಅದು. ಅರವತ್ತರ ದಶಕದಲ್ಲಿ ಪಣಜಿಯ ತಂತಿ ಕಚೇರಿಯಲ್ಲಿದ್ದಾಗ, ಬಾಡಿಗೆಮನೆಯ ಒಡತಿಯಾಗಿದ್ದ ಮುದುಕಿಯಿಂದ ಮಾತನ್ನೂ ಕಿವಿ ಹಿಡಿಯುವ ಅಭ್ಯಾಸವನ್ನೂ ಒಟ್ಟಿಗೆ ಕಲಿತು, ನಿವೃತ್ತರಾದ ಮೇಲೆ ತ್ಯಾಗರಾಜನಗರದ ನಮ್ಮ ಬೀದಿಗೆ ತಂದಿದ್ದರು. ಜಯನಗರದ ಕಾಂಪ್ಲೆಕ್ಸಿನಲ್ಲಿ ಎಳೆ ಬದನೆಕಾಯಿ ಕಂಡರೆ ಮುಯ್ತು ಬೇಂ, ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಮುಯ್ತು ಬೇಂ. ಈ ಯಜಮಾನರು ಯಾವ ತಪ್ಪಿಗೆ ಕಿವಿ ಹಿಡಿದುಕೊಳ್ಳುತ್ತಾರೋ ಎಂದು ತರಕಾರಿಯ ಸಿದ್ದಗಂಗಮ್ಮ ಮೊದಮೊದಲು ಗಾಬರಿಯಾಗಿದ್ದಳು.

ಹೆಂಡತಿ ಸೀತಮ್ಮನವರ ಹುಳಿಗೂ ಅದೇ ಮಾತು. ಕನ್ನಡದಲ್ಲಿ ಮಾತ್ರ ಮನೆಯವರನ್ನು ಅವರು ಎಂದೂ ಹೊಗಳಿದವರಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆಂಬ ಭಯ ತಾಯಿಯಿಂದ ಬಂದದ್ದು. ನಮ್ಮೂರಿನ ಕೆಟ್ಟ ಕಣ್ಣಿಗೆ ಪೋರ್ಚುಗೀಸು ತಿಳಿಯದೆಂಬ ಧೈರ್ಯ ಅವರ ಸ್ವಂತದ್ದು. ನನಗೆ ಇದು ಬುದ್ಧಿವಂತರ ಪುಕ್ಕಲುತನವಾಗಿ ಕಾಣುತ್ತಿತ್ತು. ಒಮ್ಮೆ ಸೀತಮ್ಮ ಕಾಂಪೌಂಡಿನ ಆಚೆಯಿಂದ ನನಗೆ ಹೇಳಿದ್ದರು: "ಬದನೆಕಾಯಿಗೂ ಅದೇ, ನಂಗೂ ಅದೇ. ನಮ್ಮ ಮಾತಲ್ಲಿ ಒಂದ್ಸಲ ಹೇಳಿದ್ರೆ ಸಾಕಿತ್ತು, ಮೇಷ್ಟ್ರೇ."

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ, ಮಗಳಿಗೆ ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ, ಬಾಣಂತನಕ್ಕೆ ಸೀತಮ್ಮನವರೇ ಧಾರವಾಡಕ್ಕೆ ಹೋದರು. ತಿಂಗಳು ಕಳೆಯುವುದರೊಳಗೆ ಚಕ್ರಪಾಣಿಯವರ ಅಂಗಿ ಸಡಿಲವಾಯಿತು, ಕೈ ಕಿವಿಗೆ ಹೋಗುವುದು ನಿಂತಿತು. ಒಂದು ಬೆಳಗ್ಗೆ, ಹೆಂಡತಿಗೆ ಬರೆದ ಇನ್‌ಲ್ಯಾಂಡ್ ಲೆಟರೊಂದನ್ನು ತಂದು ನನ್ನ ಮುಂದೆ ಹಿಡಿದರು. ನಲ್ಲಿ ನೀರು, ಹಾಲಿನವನ ಸಮಾಚಾರಗಳೆಲ್ಲ ಮುಗಿದ ಮೇಲೆ ತುದಿಯಲ್ಲಿ ಹೀಗಿತ್ತು: 'ನಿನ್ನ ಕೈಯ ಹುಳಿ ಬಹಳ ಚೆನ್ನಾಗಿರುತ್ತದೆ. ಇಲ್ಲಿ ಊಟ ಸೇರುವುದಿಲ್ಲ. ಬೇಗ ಬಾ.'

"ಬಾಣಂತಿ, ಎಳೆಮಗು ಇರೋ ಮನೆ. ಏನೂ ಆಗಲ್ಲ ಅಲ್ವಾ?" ಎಂದರು. ಏನೂ ಆಗುವುದಿಲ್ಲವೆಂದೆ.

ಅಂಚೆ ಡಬ್ಬಿಗೆ ಹಾಕಿದ ಮೇಲೂ ಅವರು ಅಲ್ಲಿಂದ ಕದಲಲಿಲ್ಲ. ಅಂಚೆಯವನು ಬಂದು, ಬೀಗ ತೆಗೆದು, ಕಾಗದಗಳನ್ನು ಚೀಲಕ್ಕೆ ತುಂಬಿಕೊಳ್ಳುವವರೆಗೆ ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದರು. ವಾಪಸು ಕೇಳಲೆಂದು ಎರಡು ಬಾರಿ ಮುಂದೆ ಬಂದ ಕೈಯನ್ನು ಎರಡು ಬಾರಿಯೂ ಹಿಂದಕ್ಕೆ ತೆಗೆದುಕೊಂಡರು. ಸೈಕಲ್ಲು ತಿರುವಿನಲ್ಲಿ ಮರೆಯಾಯಿತು. ಅವರನ್ನು ಪುಕ್ಕಲರೆಂದುಕೊಂಡಿದ್ದಕ್ಕೆ ಆ ದಿನ ನನಗೆ ನಾಚಿಕೆಯಾಯಿತು.

ಒಂಬತ್ತನೆಯ ದಿನ ಉತ್ತರ ಬಂತು. ಅವರಿಗೆ ಒಡೆಯುವ ಧೈರ್ಯವಿಲ್ಲ, ನಾನೇ ಓದಿದೆ. ತಾಯಿ ಮಗು ಕ್ಷೇಮ, ಮಗುವಿಗೆ ನೆಗಡಿಯೂ ಇಲ್ಲ. ಕೊನೆಯಲ್ಲಿ ದುಂಡಗಿನ ಅಕ್ಷರದಲ್ಲಿ: 'ಹುಳಿಯ ವಿಷಯ ಬರೆದಿದ್ದೀರಿ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ಇನ್ನೊಂದು ಸಲ ಬರೆಯಿರಿ.'

ಬೀದಿಗೆಲ್ಲ ಮೆಚ್ಚುಗೆಯನ್ನು ಧಾರಾಳವಾಗಿ ಹಂಚಿ ತಮ್ಮವರ ಮುಂದೆ ಬಾಯಿ ಕಟ್ಟಿಕೊಳ್ಳುವ ಇಂಥ ಗಂಡಸರನ್ನು ಒಣ ಮನಸ್ಸಿನವರೆಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಅವರು ಸುಮ್ಮನಿರುವುದು ಎಲ್ಲಿ ಕಳೆದುಕೊಂಡೇವೋ ಎಂಬ ಹೆದರಿಕೆಗೆ. ಆ ಹೆದರಿಕೆ ಕಾವಲು ಕಾಯುತ್ತಿರುವಾಗಲೇ, ಆ ಮಾತು ಕೇಳಬೇಕಾದವರ ಆಯುಸ್ಸಿನ ಬಹುಪಾಲು ಕೇಳದೆಯೇ ಮುಗಿದಿರುತ್ತದೆ.