ಮುಖಪುಟಕ್ಕೆ ಬಂದ ಮುಖ

ಮಧ್ಯಾಹ್ನದ ನಮಾಜಿಗೆ ಮುಂಚೆ ಅಸಬೆ ಫೋನು ತೆರೆದಳು. ಅವಳು ಫೋನಿನಲ್ಲೇ ಅಧ್ಯಾಯ ಅಧ್ಯಾಯವಾಗಿ ಕಳಿಸುತ್ತಿದ್ದ ಹೊಸ ಕಾದಂಬರಿಯ ಮುಖಪುಟ ಓದುಗರ ಗುಂಪಿಗೆ ಬಂದಿತ್ತು. ‘ಬೀಗ ಮುರಿದ ಮದುಮಗಳು’ ಎಂಬ ಹೆಸರಿನ ಕೆಳಗೆ ಪಕ್ಕದ ಮನೆಯ ದೇಲುವಿನ ಮಗಳು ಲರಾಯ್ ನಗುತ್ತಿದ್ದಳು. ಕಥೆಯ ಮದುಮಗಳು ಗಂಡನ ಮನೆಯಿಂದ ಓಡಿಹೋಗುವವಳು. ಲರಾಯ್‌ಗೋ ಮದುವೆ ಗೊತ್ತಾಗಿ, ಓಣಿಗೆಲ್ಲ ಶಾಸ್ತ್ರದ ಕೋಲಾಬೀಜ ಹಂಚಿ ಆಗಿತ್ತು.

ಮುಖಪುಟ ಮಾಡುವ ಗಾಂಬೊಗೆ ಫೋನು ಹಚ್ಚಿದಳು.

“ಗೋರಂಟಿ ಹಾಕಿದ ಕೈ ಮಾತ್ರ ಹಾಕು ಅಂದಿದ್ದೆ. ಮುಖ ಯಾಕೋ ಹಾಕಿದೆ?”

“ಅಕ್ಕಾ, ಫೋನಲ್ಲಿ ಮುಖಪುಟ ಉಗುರಿನಷ್ಟು ಕಾಣುತ್ತೆ. ಆ ಕೈ ಹಾಕಿ ನೋಡ್ದೆ, ಹೊಗೆಗೆ ಒಣಗಿಸಿದ ಮೀನಿನ ಥರ ಇತ್ತು. ಮುಖ ಇದ್ರೆ ಓದೋರ ಬೆರಳು ಅಲ್ಲೇ ನಿಲ್ಲುತ್ತೆ.”

“ಅದು ಪಕ್ಕದ್ಮನೆ ಹುಡುಗಿ ಕಣೋ.”

“ಇಡೀ ಫೋಟೊ ಕಳ್ಸಿದ್ದು ನೀವೇ ಅಲ್ವಾ? ಯಾರೋ ಸಿನಿಮಾದವಳು ಅಂದ್ಕೊಂಡೆ.”

ಅಸಬೆ ಫೋನಿಟ್ಟಳು. ಕಾನೊ ನಗರದ ಪೇಟೆಯಲ್ಲಿ ಪುಸ್ತಕ ಅಚ್ಚಾಗುತ್ತಿದ್ದ ಕಾಲದಲ್ಲಿ ಇಂಥದ್ದಾದರೆ ಅಂಗಡಿಗಳಿಂದ ಕಟ್ಟುಗಳನ್ನು ವಾಪಸು ತರಿಸಿ, ಅವಳೂ ಗಾಂಬೊನೂ ಚಾಪೆಯ ಮೇಲೆ ಕೂತು ಬೇರೆ ಕಾಗದ ಅಂಟಿಸುತ್ತಿದ್ದರು. ಈಗ ಆ ಚಿತ್ರ ಕದುನಾ, ಸೊಕೊಟೊ ಊರುಗಳನ್ನೂ ದಾಟಿ ಯಾರ್ಯಾರ ಕೈ ಸೇರಿತ್ತೋ. ಅದಕ್ಕೆ ಅಂಟು ಎಲ್ಲಿಂದ ತರುವುದು?

ಅವಳ ಕೈಯಲ್ಲಿ ಉಳಿದಿದ್ದು ಕಥೆಯ ಕೊನೆಯ ಅಧ್ಯಾಯ ಒಂದೇ. ಸಂಜೆ ಕಳಿಸಬೇಕಿತ್ತು. ಓದುಗರು ಬೆಳಗಿನಿಂದಲೇ ಕೇಳುತ್ತಿದ್ದರು. ಗೋಡೆಗೆ ಒರಗಿ ಕೂತು, ಎಲ್ಲ ಗುಂಪುಗಳಿಗೂ ಬರೆದಳು: ‘ಮುಖಪುಟದ ಹುಡುಗಿ ನನ್ನ ಕಥೆಯವಳಲ್ಲ. ಕೇಳದೆ ಬಂದ ಮುಖ ಅದು, ತಪ್ಪು ನನ್ನದು. ಆ ಚಿತ್ರ ಅಳಿಸಿ, ಯಾರಿಗೆ ಕಳಿಸಿದ್ದೀರೋ ಅವರಿಗೂ ಅಳಿಸಲು ಹೇಳಿ. ಅಲ್ಲಿಯವರೆಗೆ ಕಥೆಯ ಕೊನೆ ಬರುವುದಿಲ್ಲ.’

ಬೈಗುಳ ಬರತೊಡಗಿದವು. ಅಳಿಸಿದೆವು ಎಂದವರೂ ಇದ್ದರು. ಅಷ್ಟರಲ್ಲಿ ದೇಲು ಮಗಳನ್ನು ಎಳೆದುಕೊಂಡು ಒಳಗೆ ಬಂದಳು.

“ನನ್ನ ಮಗಳ ಬಾಳಿಗೇ ಬೀಗ ಹಾಕ್ಬಿಟ್ಯಲ್ಲೇ ಅಸಬೆ. ಹುಡುಗನ ತಾಯಿ ಇಲ್ಲಿಗೇ ಬರ್ತಿದಾಳೆ. ಆಕೆನೂ ನಿನ್ನ ಗುಂಪಲ್ಲಿದಾಳೆ, ಗೊತ್ತಾ?”

ಲರಾಯ್ ಪರದೆಯ ಹಿಂದೆ ಸರಿದಳು. ಮೋಟಾರು ರಿಕ್ಷಾ ನಿಂತ ಸದ್ದಾಯಿತು. ಹುಡುಗನ ತಾಯಿ ಹಾಜಿಯಾ ತಬಾವಾ ಭಾರವಾದ ಮೈ ಹೊತ್ತು ಬಂದು ಚಾಪೆಯ ಮೇಲೆ ಕೂತರು. ಅಸಬೆ ಮುಂದಿಟ್ಟ ಸಜ್ಜೆ ಹಿಟ್ಟು ಕಲಸಿದ ಮಜ್ಜಿಗೆಯ ಬೋಗುಣಿಯನ್ನು ಮುಟ್ಟಲಿಲ್ಲ.

“ನೀನು ಅಚ್ಚು ಹಾಕಿಸ್ತಿದ್ದ ಕಾಲದಿಂದ ಓದ್ತಿದೀನಿ,” ಎಂದರು. “ನಿನ್ನ ಕಥೇಲಿ ಒಬ್ಬ ಅತ್ತೆನಾದ್ರೂ ಒಳ್ಳೇವಳು ಇದಾಳಾ?”

ಅಸಬೆ ಬೋಗುಣಿಯನ್ನು ಅವರ ಹತ್ತಿರ ಸರಿಸಿದಳು.

“ಈ ಹುಡುಗಿ ಕೊನೇಗೆ ವಾಪಸ್ ಬರ್ತಾಳಾ?”

ಬರುತ್ತಾಳೆ ಎಂದುಬಿಟ್ಟರೆ ಮುಗಿಯುತ್ತಿತ್ತು. ದೇಲು ಕಣ್ಣಲ್ಲೇ ಬೇಡುತ್ತಿದ್ದಳು.

“ಇಲ್ಲ, ಬರಲ್ಲ. ಅವಳನ್ನ ಕೂಡಿ ಹಾಕಿದ್ರು, ಅದಕ್ಕೇ ಹೋದ್ಲು. ಆದ್ರೆ ಅವಳು ಲರಾಯ್ ಅಲ್ಲ.”

“ಬೆಳಗಿಂದ ನನ್ನ ತಂಗೀರು ಫೋನ್ ಮಾಡಿ ನಗ್ತಿದಾರೆ. ನಿಮ್ಮ ಸೊಸೆ ಇನ್ನೂ ಬಂದಿಲ್ಲ, ಆಗ್ಲೇ ಓಡಿಹೋದ್ಲಲ್ಲ ಅಂತ. ನಾನೇನು ಹೇಳ್ಲಿ?”

ತಬಾವಾ ಫೋನನ್ನು ಚೀಲದಿಂದ ಹೊರತೆಗೆದರು.

“ಕೊನೆ ಅಧ್ಯಾಯ ಕಳ್ಸು. ಅವಳು ಯಾಕೆ ಹೋದ್ಲು ಅಂತ ನಾನೇ ನೋಡ್ತೀನಿ.”

“ಮೊದ್ಲು ಆ ಚಿತ್ರ ಅಳಿಸ್ಬೇಕು, ಹಾಜಿಯಾ.”

“ನನಗೂ ಅದೇ ಕಟ್ಟಳೆನಾ?”

“ಎಲ್ರಿಗೂ.”

ತಬಾವಾ ಪರದೆಯ ಕಡೆ ತಿರುಗಿದರು. “ಒಳಗಿರೋಳೇ, ಬಾ ಇಲ್ಲಿ. ಅಳಿಸೋದು ಎಲ್ಲಿ ಒತ್ತಬೇಕು, ನನಗೆ ಗೊತ್ತಾಗಲ್ಲ.”

ಲರಾಯ್ ಮುಸುಕು ಗಲ್ಲದವರೆಗೆ ಎಳೆದುಕೊಂಡು, ಬಂದು ಮಂಡಿಯೂರಿ ಕೂತಳು. ಅತ್ತೆಯಾಗುವವಳ ಫೋನಿನಲ್ಲಿ ತನ್ನ ಮುಖವನ್ನು ಹುಡುಕಿ, ಅಳಿಸಿದಳು.

ಅಸಬೆ ಅಧ್ಯಾಯ ಕಳಿಸಿದಳು. ಲರಾಯ್ ಕೈಯಲ್ಲಿದ್ದ ಫೋನು ಕಿಣಿ ಎಂದಿತು.

“ಕನ್ನಡಕ ಮನೇಲಿದೆ,” ಎಂದು ತಬಾವಾ ಲರಾಯ್ ಕಡೆ ನೋಡಿ ಬೋಗುಣಿ ಎತ್ತಿಕೊಂಡರು. “ನೀನೇ ಓದು, ಮಗಳೇ. ಅತ್ತೆ ಬೈಯೋ ಜಾಗ ಬಿಟ್ಟು ಓದಿದ್ರೆ ನನಗೆ ಗೊತ್ತಾಗುತ್ತೆ.”