ಒಂದೇ ಟ್ಯಾಂಕಿನಲ್ಲಿ ಮಿನಿಯಾಪೊಲಿಸ್‌ಗೆ

ಬಿಲಿಂಗ್ಸ್ ಊರಿನ ಆ ಶೋರೂಮಿಗೆ ಜರ್ಮನ್ ಕಾರು ನೋಡಲು ಬರುವವರೆಲ್ಲ ಹೆಚ್ಚುಕಡಿಮೆ ಒಂದೇ ಥರದವರು. ಹಲ್ಲಿನ ಡಾಕ್ಟರು, ಎಣ್ಣೆ ಬಾವಿಯ ಪಾಲುದಾರ, ಹೆಸರು ಮಾಡಿದ ವಕೀಲ. ಬಾಗಿಲು ತೆಗೆದು ಕೂರುತ್ತಾರೆ, ಚರ್ಮದ ಸೀಟನ್ನು ಅಂಗೈಯಲ್ಲಿ ಸವರುತ್ತಾರೆ, ಮುಖ ಅರಳುತ್ತದೆ. ಆಗ ಶೋರೂಮಿನ ಮಾರಾಟಗಾರ್ತಿ ಲೋರ್ನಾ ವೋಸ್ "ಇದು ಡೀಸೆಲ್" ಅನ್ನುತ್ತಾಳೆ. ಅರಳಿದ ಮುಖ ಅಲ್ಲಿಗೇ ಮುದುಡುತ್ತದೆ.

"ಟ್ರ್ಯಾಕ್ಟರಿಗೆ ಹಾಕ್ತಾರಲ್ಲ, ಅದಾ?" ಎಂದು ಒಬ್ಬ ಡಾಕ್ಟರು ಕೇಳಿದ್ದ. ಇನ್ನೊಬ್ಬ ಏನೂ ಕೇಳದೆ, ಕಾರಿನಿಂದ ಇಳಿದು ಕೈ ಒರೆಸಿಕೊಂಡಿದ್ದ.

ಎರಡು ಸಾವಿರದ ಹನ್ನೊಂದರ ಜೂನ್ ಅದು. ಅಂಥ ನಾಲ್ಕು ಕಾರುಗಳು ಮೂರು ತಿಂಗಳಿಂದ ಅಂಗಳದಲ್ಲಿ ಬಿಸಿಲು ಕಾಯುತ್ತ ನಿಂತಿದ್ದವು. ಅವನ್ನು ಹಠ ಹಿಡಿದು ತರಿಸಿದವಳು ಲೋರ್ನಾಳೇ. ಅವಳ ಅಪ್ಪ ಮೂವತ್ತು ವರ್ಷ ದೂರದೂರಿಗೆ ಲಾರಿ ಓಡಿಸಿದವನು. ಡೀಸೆಲ್ ಎಂಜಿನ್ ಗುಡುಗುಡು ಅನ್ನುವುದನ್ನು ಕೇಳುತ್ತಲೇ ನಿದ್ದೆ ಹೋದ ಮಗು ಅವಳು. ಈ ಕಾರನ್ನು ಮೊದಲ ಸಲ ಓಡಿಸಿದ ದಿನ ಅವಳಿಗೆ ಮೈ ಜುಮ್ಮೆಂದಿತ್ತು. ಅಪ್ಪನ ಲಾರಿಯ ಕಸುವನ್ನೆಲ್ಲ ಯಾರೋ ರೇಷ್ಮೆಯಲ್ಲಿ ಸುತ್ತಿ ಇಟ್ಟಂತಿತ್ತು. ಇದನ್ನು ಜನ ಮೆಚ್ಚದೆ ಇರುವುದು ಹೇಗೆ ಎಂದುಕೊಂಡಿದ್ದಳು.

ಶೋರೂಮಿನ ಯಜಮಾನ ಡ್ವೈಟ್ ಕೆಲ್ಸೋ ಸಿಟ್ಟಿನ ಮನುಷ್ಯನಲ್ಲ. ಆದರೆ ಆ ವಾರ ಅವನು ಲೋರ್ನಾಳ ಮೇಜಿನ ಅಂಚಿಗೆ ಬಂದು ಕೂತ.

"ತಿಂಗಳ ಕೊನೆಗೆ ನಾಲ್ಕನ್ನೂ ಕ್ಯಾಲಿಫೋರ್ನಿಯಾಗೆ ಕಳಿಸ್ತೀನಿ. ಅಲ್ಲಿಯವರು ಕೇಳಿದಾರೆ. ಇಲ್ಲಿ ಇದು ಓಡಲ್ಲ, ಲೋರ್ನಾ."

"ಓಡಿಸಿ ನೋಡಿದ್ರೆ ತಾನೇ ಓಡೋದು. ಇವರು ಹೆಸರು ಕೇಳಿದ ತಕ್ಷಣ ಮೂಗು ಮುಚ್ಕೋತಾರೆ."

"ಮೂಗು ಮುಚ್ಕೊಂಡೋರಿಗೆ ನೀನು ಹೇಗೆ ಮಾರ್ತೀಯ?"

ಲೋರ್ನಾ ಎದ್ದು ಅಂಗಳಕ್ಕೆ ಹೋಗಿ ನಾಲ್ಕೂ ಕಾರುಗಳ ಧೂಳು ಒರೆಸಿದಳು.

ಮಾರನೆಯ ದಿನ ಗುರುವಾರ. ಹಾರ್ಲನ್ ಸ್ಟೋರ್ಡಾಲ್ ಎಂಬ, ದನ ಸಾಕುವ ರಾಂಚಿನ ಮುದುಕ ಹೆಂಡತಿ ಓಪಲ್ ಜೊತೆ ಬಂದ. ಓಪಲ್‌ಗೆ ಸೊಂಟದ ಆಪರೇಷನ್ ಆಗಿ ವರ್ಷವಾಗಿತ್ತು. ಪಿಕಪ್ ಟ್ರಕ್ಕಿನ ಎತ್ತರಕ್ಕೆ ಹತ್ತಲಾರಳು, ತನ್ನ ಹಳೆಯ ಕಾರಿನಲ್ಲಿ ಅರ್ಧ ಗಂಟೆ ಕೂರಲಾರಳು. ಆಕೆಗೆ ಮೆತ್ತಗಿನ ಕಾರು ಬೇಕಿತ್ತು. ಲೋರ್ನಾ ಅವಳನ್ನು ಆ ನಾಲ್ಕರಲ್ಲಿ ಬೂದುಬಣ್ಣದ್ದರೊಳಗೆ ಕೂರಿಸಿದಳು. ಓಪಲ್ ಕಣ್ಣು ಮುಚ್ಚಿ ಬೆನ್ನು ಒರಗಿಸಿದಳು. ಲೋರ್ನಾ ಎಂಜಿನ್ ಚಾಲೂ ಮಾಡಿದಳು.

ಹೊರಗೆ ನಿಂತಿದ್ದ ಹಾರ್ಲನ್ ತಲೆ ಎತ್ತಿದ. ದನದವನು ದೂರದ ಕರುವಿನ ಕೂಗಿಗೆ ಕಿವಿಗೊಡುವ ಹಾಗೆ ಕಿವಿಗೊಟ್ಟ. ಆಮೇಲೆ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ.

ಓಪಲ್ ಕಣ್ಣು ತೆರೆದಳು. "ಹಾರ್ಲನ್, ಇದು ಡೀಸೆಲ್ಲಾ?"

"ನಾನೇನೂ ಹೇಳಲಿಲ್ಲಪ್ಪ," ಅಂದ ಹಾರ್ಲನ್.

"ನೀನು ಹೇಳದೆ ಇದ್ದಿದ್ದಕ್ಕೇ ಗೊತ್ತಾಯ್ತು." ಓಪಲ್ ಲೋರ್ನಾಳ ಕಡೆ ತಿರುಗಿದಳು. "ನೋಡಮ್ಮಾ, ಎಂಬತ್ತೆರಡರಲ್ಲಿ ಈ ಮಹಾನುಭಾವ ಒಂದು ಡೀಸೆಲ್ ಕಾರು ತಂದಿದ್ದ. ವೆಲ್ವೆಟ್ ಸೀಟು, ಹಡಗಿನ ಥರ ಇತ್ತು. ಫೆಬ್ರವರಿಲಿ ಎರಡು ಮಕ್ಕಳನ್ನ ಕೂರಿಸ್ಕೊಂಡು ಮೈಲ್ಸ್ ಸಿಟಿ ದಾಟಿದೀನಿ, ಚಳಿಗೆ ಡೀಸೆಲ್ ತುಪ್ಪದ ಹಾಗೆ ಗಟ್ಟಿ ಆಗಿ ಗಾಡಿ ನಿಂತೇ ಹೋಯ್ತು. ಮೂರು ಗಂಟೆ. ಕೊನೆಗೆ ದನದ ಲಾರಿಲಿ ಮನೆಗೆ ಬಂದ್ವಿ. ನನ್ನ ಒಳ್ಳೆ ಕೋಟು ಡೀಸೆಲ್ ನಾತಕ್ಕೇ ದಾನಕ್ಕೆ ಹೋಯ್ತು."

"ಅದು ಆ ಕಾಲದ್ದು ಮೇಡಂ," ಅಂದಳು ಲೋರ್ನಾ. "ಇದು ಬೇರೇನೇ ಜಾತಿ. ಚಳಿಗೂ ವ್ಯವಸ್ಥೆ ಇದೆ, ನಾತಾನೂ ಇಲ್ಲ. ಒಂದು ಸಲ ಟ್ಯಾಂಕ್ ತುಂಬಿಸಿದ್ರೆ ಎಂಟುನೂರು ಮೈಲಿ."

"ಎಂಟುನೂರು. ಹಾಗಂತ ಪೇಪರಲ್ಲಿ ಬರ್ದಿರ್ತಾರೆ." ಓಪಲ್ ಇಳಿಯಲು ಕಾಲು ಹೊರಗಿಟ್ಟವಳು, ಸೊಂಟ ನೋವಿಗೆ ಮತ್ತೆ ಒಳಗೆ ಒರಗಿದಳು. ಆ ಸೀಟು ಬಿಡಲು ಮನಸ್ಸಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಂದಳು: "ಭಾನುವಾರ ನನ್ನ ತಂಗಿ ಮೊಮ್ಮಗಳ ಮದುವೆ. ಮಿನಿಯಾಪೊಲಿಸ್‌ನಲ್ಲಿ. ಇಲ್ಲಿಂದ ಅವಳ ಮನೆ ಬಾಗಿಲಿಗೆ ಎಂಟುನೂರ ನಲವತ್ತು ಮೈಲಿ. ದಾರಿಲಿ ಒಂದು ಸಲಾನೂ ಬಂಕಿಗೆ ಹೋಗದೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು. ಆಗ್ತದಾ? ಆದ್ರೆ ಕಾರು ನನ್ನದು. ಆಗದಿದ್ರೆ ಡೀಸೆಲ್ ಅನ್ನೋ ಮಾತೇ ನನ್ನ ಮುಂದೆ ಎತ್ತಬೇಡಿ, ನೀನೂ ಅಷ್ಟೇ, ಅವನೂ ಅಷ್ಟೇ."

ಲೋರ್ನಾ ಮನಸ್ಸಿನಲ್ಲೇ ಭಾಗಿಸಿದಳು. ಟ್ಯಾಂಕಿಗೆ ಇಪ್ಪತ್ತೊಂದು ಗ್ಯಾಲನ್. ಗ್ಯಾಲನ್ನಿಗೆ ನಲವತ್ತು ಮೈಲಿ ಬೇಕು. ಕಾರಿನ ಕಾಗದದಲ್ಲಿ ಬರೆದಿದ್ದು ಮೂವತ್ಮೂರು; ಎಂಟುನೂರು ಅನ್ನುವುದು ಅವಳ ಬಾಯಿಂದ ಹುಮ್ಮಸ್ಸಿಗೆ ಬಂದ ಮಾತು.

"ಆಗ್ತದೆ," ಅಂದುಬಿಟ್ಟಳು.

ಶನಿವಾರ ಬೆಳಗಿನ ಐದು ಗಂಟೆಗೆ ಹೊರಟರು. ಟ್ಯಾಂಕನ್ನು ಹಾರ್ಲನ್ ತಾನೇ ಕುತ್ತಿಗೆಯವರೆಗೆ ತುಂಬಿಸಿದ. ಓಪಲ್ ಮುಂದಿನ ಸೀಟಿನಲ್ಲಿ, ಹಾರ್ಲನ್ ಹಿಂದೆ, ಅವನ ಪಕ್ಕದಲ್ಲಿ ಹುರಿದ ಗೋಮಾಂಸದ ಸ್ಯಾಂಡ್‌ವಿಚ್‌ಗಳ ಬುಟ್ಟಿ. ಲೋರ್ನಾ ಕಾರಿನ ವೇಗವನ್ನು ಅರವತ್ತೆರಡು ಮೈಲಿಗೆ ಕಟ್ಟಿಹಾಕಿದಳು. ಎಪ್ಪತ್ತೈದರಲ್ಲಿ ಹೋಗುವ ರಸ್ತೆಯದು. ಮರಳು ತುಂಬಿದ ಲಾರಿಗಳು ಕೂಡ ಹಾರನ್ ಹೊಡೆದು ಮುಂದೆ ಹೋದವು.

"ಹಸು ಅಟ್ಟಿಕೊಂಡು ಹೋಗ್ತಿದ್ರೂ ಇಷ್ಟೊತ್ತಿಗೆ ಗ್ಲೆಂಡೈವ್ ಬಂದಿರ್ತಿತ್ತು," ಅಂದ ಹಾರ್ಲನ್.

ಆದರೆ ಪಡುವಣ ಗಾಳಿ ಬೆನ್ನಿಗಿತ್ತು. ಯೆಲ್ಲೋಸ್ಟೋನ್ ಹೊಳೆಯ ಬದಿಯ ಹಸಿರು ಹಿಂದೆ ಸರಿಯಿತು, ಡಕೋಟಾದ ಕೆಂಪು ಗುಡ್ಡಗಳು ಬಂದವು, ಹೋದವು. ಕಾರಿನೊಳಗೆ ಪಿಸುಮಾತೂ ಕೇಳುವಷ್ಟು ಸದ್ದಿಲ್ಲ. ಬಿಸ್ಮಾರ್ಕ್ ತಲುಪಿದಾಗ ನಾನೂರ ಹದಿನೈದು ಮೈಲಿ ಆಗಿತ್ತು, ಕಾರಿನ ಪರದೆಯ ಮೇಲೆ ಗ್ಯಾಲನ್ನಿಗೆ ನಲವತ್ತಮೂರು ಮೈಲಿ ಎಂದಿತ್ತು. ಲೋರ್ನಾಳ ಎದೆ ಕುಣಿಯುತ್ತಿತ್ತು. ಓಪಲ್ ಹೆಚ್ಚುಕಡಿಮೆ ಏಳು ಗಂಟೆ ಕಾಲ ಕೂತಿದ್ದರೂ ಸೊಂಟದ ಸುದ್ದಿ ಎತ್ತಿರಲಿಲ್ಲ.

ಅಲ್ಲಿ ಕಾಲು ಸಡಿಲಿಸಲು ನಿಂತಾಗ ಓಪಲ್ ಕೈ ಚಾಚಿದಳು. "ಎಲ್ಲಿ, ನಾನು ಸ್ವಲ್ಪ ಓಡಿಸ್ತೀನಿ."

"ಮೇಡಂ, ಕಾಲು ಹಗುರ ಇರ್ಬೇಕು."

"ನಲವತ್ತೈದು ವರ್ಷ ರಾಂಚ್ ಮನೆ ನಡೆಸಿದೀನಮ್ಮಾ. ಉಳಿತಾಯ ನನಗೆ ಹೇಳ್ಕೊಡ್ಬೇಡ."

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಆಮೇಲೆ ಎದುರಿಗೆ ಎರಡು ಗೋಧಿ ಲಾರಿಗಳು ಒಂದರ ಹಿಂದೊಂದು ಏರು ಹತ್ತುತ್ತ ತೆವಳುತ್ತಿದ್ದವು. ಅವನ್ನು ದಾಟಬೇಕು ಎಂದು ಓಪಲ್ ಪೆಡಲ್ ಒತ್ತಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಾರು ಅವಳನ್ನು ಸೀಟಿಗೆ ಒತ್ತಿ ಹಿಡಿದು, ಗದ್ದಲವಿಲ್ಲದೆ, ಏರನ್ನು ಏರೆಂದೇ ಗಣಿಸದೆ ಎರಡೂ ಲಾರಿಗಳನ್ನು ಹಿಂದೆ ಹಾಕಿತು. ಓಪಲ್ ಬಾಯಿಂದ ಒಂದು ನಗು ಹೊರಟಿತು, ಎಳೆ ಹುಡುಗಿಯ ನಗು. ಹಿಂದಿನ ಸೀಟಿನಲ್ಲಿ ಹಾರ್ಲನ್ ಸ್ಯಾಂಡ್‌ವಿಚ್ಚನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಆ ನಗು ಕೇಳಿ ಅವನಿಗೆ ಎಷ್ಟು ವರ್ಷವಾಗಿತ್ತೋ.

"ಇದೇನು ಇದು, ಎತ್ತು ಗುಮ್ಮಿದ ಹಾಗೆ," ಅಂದಳು ಓಪಲ್.

"ಅದೇ ಮೇಡಂ ಡೀಸೆಲ್ಲಿನ ಗುಣ. ಆದ್ರೆ ದಯವಿಟ್ಟು ಇನ್ನೊಂದ್ಸಲ ಬೇಡ."

ಓಪಲ್ ಇನ್ನೊಂದು ಸಲ ಮಾಡಿದಳು. ಅದಕ್ಕೆ ಕಾರಣವೂ ಇರಲಿಲ್ಲ, ಎದುರಿಗೆ ಲಾರಿಯೂ ಇರಲಿಲ್ಲ.

ಜೇಮ್ಸ್‌ಟೌನ್ ದಾಟುತ್ತಿದ್ದಂತೆ ಗಾಳಿ ತಿರುಗಿತು. ಆಗ್ನೇಯದಲ್ಲಿ ಮೋಡ ಕಟ್ಟಿ ಗಾಳಿ ನೇರ ಮುಖಕ್ಕೆ ಬಡಿಯತೊಡಗಿತು. ನಲವತ್ತಮೂರು ಇದ್ದದ್ದು ನಲವತ್ತೊಂದಾಯಿತು, ನಲವತ್ತಾಯಿತು. ಫಾರ್ಗೊ ದಾಟುವಷ್ಟರಲ್ಲಿ ಲೋರ್ನಾ ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಓಪಲ್ ತಾನಾಗಿಯೇ ಎಸಿ ಆರಿಸಿದಳು.

"ಕಿಟಕಿ ಏರಿಸು ಹಾರ್ಲನ್. ಗಾಳಿ ಕಾರನ್ನ ಹಿಂದಕ್ಕೆ ಎಳೀತದೆ."

"ಸೆಕೆಗೆ ಬೆಂದು ಹೋಗ್ತೀನಿ ಕಣೇ."

"ಬೇಯಿ."

ಅಲೆಕ್ಸಾಂಡ್ರಿಯಾ ಹತ್ತಿರ ಕಿತ್ತಳೆ ಬಣ್ಣದ ಫಲಕ ಅಡ್ಡ ಬಂತು. ಸೇತುವೆ ರಿಪೇರಿ, ಹದಿನಾರು ಮೈಲಿ ಸುತ್ತು. ಜೋಳದ ಹೊಲ, ಕೆರೆ, ಮತ್ತೆ ಹೊಲ. ಹೆದ್ದಾರಿಗೆ ಮರಳಿ ಸೇಂಟ್ ಕ್ಲೌಡ್ ಊರಿನ ಬಳಿ ಬಂದಾಗ ಓಪಲ್‌ಳ ತಂಗಿಯ ಮನೆಗೆ ಅರವತ್ತಾರು ಮೈಲಿ ಇತ್ತು. ಕಾರಿನ ಪರದೆ, ಉಳಿದ ಡೀಸೆಲ್ ಅರವತ್ತೆರಡು ಮೈಲಿಗೆ ಎಂದು ಹೇಳುತ್ತಿತ್ತು. ರಸ್ತೆ ಬದಿಯಲ್ಲಿ ಬಂಕಿನ ಎತ್ತರದ ಬೋರ್ಡು ಕಾಣಿಸಿತು.

ಆ ನಾಲ್ಕು ಕಾರುಗಳು ಲಾರಿ ಹತ್ತಿ ಕ್ಯಾಲಿಫೋರ್ನಿಯಾಗೆ ಹೋಗುವುದು ಲೋರ್ನಾಳ ಕಣ್ಣಿಗೆ ಕಟ್ಟಿತು. ಆದರೂ ಹೇಳಲೇಬೇಕಾಯಿತು. "ಮೇಡಂ, ಬಂಕಿಗೆ ತಿರುಗಿಸಿ. ನಾನು ಸೋತೆ ಅಂತ ಒಪ್ಕೋತೀನಿ. ಡೀಸೆಲ್ ಪೂರ್ತಿ ಬತ್ತಿದ್ರೆ ಎಂಜಿನ್ನಿಗೂ ಒಳ್ಳೇದಲ್ಲ, ಹೆದ್ದಾರಿ ನಡುವೆ ನಿಮ್ಮನ್ನ ಇನ್ನೊಂದು ಸಲ ನಿಲ್ಲಿಸೋದು ನನ್ನ ಕೈಲಾಗಲ್ಲ."

ಓಪಲ್ ಬೋರ್ಡನ್ನೂ ನೋಡಿದಳು, ಪರದೆಯನ್ನೂ ನೋಡಿದಳು.

"ಸೋಲೋದು ಬಿಡೋದು ಈಗ ನಿನ್ನ ಕೈಲಿಲ್ಲ. ಸ್ಟಿಯರಿಂಗ್ ಹಿಡ್ದಿರೋಳು ನಾನು."

"ಓಪಲ್," ಅಂದ ಹಾರ್ಲನ್, "ಪಂತ ಹಾಕಿದೋಳು ನೀನೇ ಅಲ್ವೇನೇ? ನಿಂತ್ರೆ ನೀನು ಗೆದ್ದ ಹಾಗೆ."

"ಗೊತ್ತು. ಸುಮ್ನೆ ಕೂತ್ಕೊ." ಅವಳ ಕೆನ್ನೆ ಕೆಂಪಾಗಿತ್ತು. "ಲೋರ್ನಾ, ಮೆಲ್ಲಗೆ ಹೋದ್ರೆ ಕಡಿಮೆ ಕುಡೀತದಾ?"

"ನಲವತ್ತೈದರಲ್ಲಿ ಹೋದ್ರೆ ತುಂಬಾ ಕಡಿಮೆ. ಆದ್ರೆ ಹೆದ್ದಾರಿಲಿ ಹಾಗೆ ಹೋಗೋ ಹಾಗಿಲ್ಲ."

"ನದಿ ಪಕ್ಕ ಹಳೇ ರಸ್ತೆ ಇದೆ. ನಾನು ಹುಟ್ಟಿ ಬೆಳೆದಿದ್ದು ಈ ಕಡೇನೇ. ದೂರ ಒಂದೇ."

ಲೋರ್ನಾ ಪರದೆಗೆ ಬೆರಳಿಟ್ಟಳು. "ಆ ಅಂಕಿ ಮೂರಕ್ಕೆ ಇಳಿದ ತಕ್ಷಣ, ಎಲ್ಲಿದ್ರೂ ಸರಿ, ಹತ್ತಿರದ ಬಂಕಿಗೆ ತಿರುಗಿಸ್ಬೇಕು. ಮಾತು ಕೊಡಿ."

"ಕೊಟ್ಟೆ."

ಹಳೆಯ ರಸ್ತೆಯಲ್ಲಿ ಸಂಜೆಯ ಬಿಸಿಲು ಮಿಸಿಸಿಪ್ಪಿಯ ಮೇಲೆ ಮಲಗಿತ್ತು. ಮಳೆ ಬರುವ ಹಾಗೆ ಹೆದರಿಸಿದ್ದ ಗಾಳಿ ಸಣ್ಣಗಾಗಿತ್ತು. ಓಪಲ್ ಕಾಲನ್ನು ಮೊಟ್ಟೆಯ ಮೇಲಿಟ್ಟ ಹಾಗೆ ಇಟ್ಟಿದ್ದಳು. ಇಳಿಜಾರು ಬಂದಾಗ ಪೂರಾ ಎತ್ತುತ್ತಿದ್ದಳು, ದೂರದ ಸಿಗ್ನಲ್ ದೀಪ ಕೆಂಪಿದ್ದರೆ ಫರ್ಲಾಂಗು ಮೊದಲೇ ಉರುಳಲು ಬಿಟ್ಟು, ಹಸಿರಾಗುವ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದಳು. ಲೋರ್ನಾ ಎರಡು ಅಂಕಿಗಳನ್ನು ಓದುತ್ತ ಹೋದಳು. ಐವತ್ತು ಮೈಲಿ ಬಾಕಿ, ಡೀಸೆಲ್ ನಲವತ್ತೆಂಟಕ್ಕೆ. ಮೂವತ್ತೆಂಟು ಬಾಕಿ, ಡೀಸೆಲ್ ಮೂವತ್ತೆಂಟಕ್ಕೆ.

"ಸಮ ಆಯ್ತು," ಅಂದ ಹಾರ್ಲನ್. ಅವನು ಮುಂದಿನ ಎರಡು ಸೀಟುಗಳ ನಡುವೆ ತಲೆ ತೂರಿಸಿ ಕೂತಿದ್ದ. ಹಣೆಯಿಂದ ಬೆವರಿಳಿಯುತ್ತಿದ್ದರೂ ಅವನಿಗೆ ಅದರ ಪರಿವೆ ಇರಲಿಲ್ಲ.

ಇಪ್ಪತ್ತು ಬಾಕಿ ಇದ್ದಾಗ ಡೀಸೆಲ್ ಇಪ್ಪತ್ಮೂರಕ್ಕೆ ಇತ್ತು. ನಗರದ ಬೀದಿಗಳು ಶುರುವಾದವು. ಹಿಂದಿನ ಕಾರಿನವನೊಬ್ಬ ಹಾರನ್ ಹೊಡೆದ. ಓಪಲ್ ಕಿಟಕಿ ಇಳಿಸಿ ಅವನಿಗೆ ಕೈ ಬೀಸಿದಳು. ಕಾರು ಎಲ್ಮ್ ಮರಗಳ ಕೆಳಗಿನ ಮನೆಯೊಂದರ ಮುಂದೆ ನಿಂತಾಗ ಪರದೆಯ ಮೇಲೆ ಐದು ಎಂದಿತ್ತು. ಒಟ್ಟು ಎಂಟುನೂರ ಐವತ್ತಾರು ಮೈಲಿ.

ಯಾರೂ ತಕ್ಷಣ ಇಳಿಯಲಿಲ್ಲ. ಲೋರ್ನಾಳ ಕಣ್ಣು ತುಂಬಿ ಬಂದಿತ್ತು. ಓಪಲ್ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದಳು. "ಬಂದ್ವಲ್ಲಮ್ಮಾ," ಅಂದಳು.

ಮದುವೆಗೆ ಬಂದ ನೆಂಟರೆಲ್ಲ ಅಂಗಳಕ್ಕೆ ಬಂದರು. ಓಪಲ್‌ಳ ತಂಗಿ ಮೇವಿಸ್ ತಬ್ಬಿಕೊಳ್ಳಲು ಕೈ ಚಾಚಿದರೆ ಓಪಲ್ ಅವಳ ಕೈ ಹಿಡಿದು ಕಾರಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಕಾರು ಇನ್ನೂ ಚಾಲೂ ಇತ್ತು. ಓಪಲ್ ತನ್ನ ಬಿಳಿ ಕರವಸ್ತ್ರವನ್ನು ಹೊಗೆ ಕೊಳವೆಯ ಬಾಯಿಗೆ ಹಿಡಿದು, ತಂಗಿಯ ಮೂಗಿಗೆ ಒಡ್ಡಿದಳು.

"ಮೂಸಿ ನೋಡು."

"ಎಂಥದ್ದೇ ಇದು? ಮದುವೆಗೆ ಬಂದಿದೀಯೋ ಕಾರು ಮಾರೋಕೆ ಬಂದಿದೀಯೋ?"

"ಮೂಸು ಅಂದೆ. ಡೀಸೆಲ್ ಇದು. ಮಸಿ ಇದೆಯಾ? ನಾತ ಇದೆಯಾ?"

ಮೇವಿಸ್ ಮೂಸಿದಳು. ಕರವಸ್ತ್ರ ಬೆಳ್ಳಗೇ ಇತ್ತು. ಮದುಮಗನ ಚಿಕ್ಕಪ್ಪನೊಬ್ಬ, ಗ್ಲೆಂಡೈವ್ ಕಡೆಯ ಪಶುವೈದ್ಯ, ಬಗ್ಗಿ ನೋಡಿ, "ಮೈಲಿ ಎಷ್ಟು ಬಂತು ಅಂದ್ರಿ?" ಎಂದು ಲೋರ್ನಾಳನ್ನು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ಓಪಲ್ ಶುರುಮಾಡಿದಳು. ಗಾಳಿ ತಿರುಗಿದ್ದು, ಸುತ್ತು ಬಳಸಿದ್ದು, ನದಿಯ ಪಕ್ಕದ ರಸ್ತೆ, ಎಲ್ಲ. ಎರಡನೆಯ ಸಲ ಸುಮ್ಮಸುಮ್ಮನೆ ಪೆಡಲ್ ಒತ್ತಿದ್ದನ್ನು ಮಾತ್ರ ಬಿಟ್ಟಳು. ಊಟದ ಮೇಜಿನಲ್ಲೂ ಅದೇ ಕಥೆ, ಮಾರನೆಯ ದಿನ ಚರ್ಚಿನ ಮೆಟ್ಟಿಲ ಮೇಲೂ ಅದೇ.

ಲೋರ್ನಾ ಡ್ವೈಟ್‌ಗೆ ಫೋನ್ ಮಾಡಿದಳು. "ಒಂದು ಹೋಯ್ತು. ಎರಡನೆಯದಕ್ಕೆ ಪಶುವೈದ್ಯರು ಬುಧವಾರ ಬರ್ತಾರಂತೆ."

"ಒಂದನ್ನ ಆಗಲೇ ಕ್ಯಾಲಿಫೋರ್ನಿಯಾದ ಲಾರಿಗೆ ಹತ್ತಿಸಿಬಿಟ್ಟೆ," ಅಂದ ಡ್ವೈಟ್. "ಇನ್ನೊಂದು ಇದೆ. ಅದನ್ನ ಮುಟ್ಟಲ್ಲ ಬಿಡು. ಶರತ್ಕಾಲಕ್ಕೆ ಎಷ್ಟು ತರಿಸ್ಬೇಕು ಹೇಳು."

"ಆರು," ಅಂದಳು ಲೋರ್ನಾ, ಉಸಿರು ತೆಗೆದುಕೊಳ್ಳದೆ.

ಸೋಮವಾರ ಮೂವರೂ ಹಿಂದಕ್ಕೆ ಹೊರಟರು. ಈ ಸಲ ಯಾವ ಲೆಕ್ಕವೂ ಇರಲಿಲ್ಲ. ಲೋರ್ನಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು. ಓಪಲ್ ಎಪ್ಪತ್ತೈದರಲ್ಲಿ ಹೊಡೆಯುತ್ತಿದ್ದಳು. ಫಾರ್ಗೊ ಕಳೆದ ಮೇಲೆ ಹಾರ್ಲನ್ ಗಂಟಲು ಸರಿಮಾಡಿಕೊಂಡ.

"ಸೊಂಟ ನೋಯ್ತಿರ್ಬೇಕಲ್ಲ ನಿಂಗೆ. ನಾನು ಸ್ವಲ್ಪ ಹೊತ್ತು ಓಡಿಸ್ಲಾ?"

"ಏನೂ ನೋಯ್ತಿಲ್ಲ."

"ಬಿಸ್ಮಾರ್ಕ್ ಆದ್ಮೇಲಾದ್ರೂ ಕೊಡ್ತೀಯಾ?"

"ನೋಡೋಣ," ಅಂದಳು ಓಪಲ್. ಎದುರಿಗೆ ಒಂದು ಲಾರಿ ಏರು ಹತ್ತುತ್ತಿತ್ತು. ಅವಳು ಕನ್ನಡಿ ನೋಡಿ, ದೀಪ ಮಿನುಗಿಸಿ, ಕಾಲು ಒತ್ತಿದಳು.