ಎಡ ಮೊಣಕಾಲು

ಕಾಶಿನಾಥಣ್ಣ ಅಂಗಿಯ ತೋಳು ಮೇಲೇರಿಸಿ, ಹೆಣದ ಎಡ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ ಇನ್ನೇನು ಭಾರ ಬಿಡಬೇಕು, ದಾನವ್ವ ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು.

“ಬಿಡ್ರಿ ಕೈ. ಬಿಡ್ರಿ ಅಂದ್ರ ಬಿಡ್ರಿ.”

“ದಾನಕ್ಕಾ, ಎಂಟೂವರಿ ಆತು. ಹೊತ್ತು ಹೋದಂಗ ಮೈ ಬಿಗೀತೈತಿ. ಆಮ್ಯಾಲ ಕುಂದ್ರಸಾಕ ಆಗೂದಿಲ್ಲ.”

“ನನಗೂ ಗೊತ್ತೈತಿ. ಜರಾ ತಡೀರಿ, ಒಬ್ರು ಬರಾಕತ್ತಾರ.”

ಜೋಗೇಶ್ವರಿಯ ಚಾಳಿನ ಆ ಒಂದೇ ಕೋಣೆಯಲ್ಲಿ ಶಿವಪುತ್ರಪ್ಪ ಮಲಗಿದವನು ಮಲಗಿದಂತೆಯೇ ಹೋಗಿದ್ದ. ಆರಕ್ಕೆ ಚಹಾ ಹಿಡಿದು ಬಂದ ಹೆಂಡತಿಗೆ ಸಿಕ್ಕಿದ್ದು ತಣ್ಣಗಾದ ಮೈ. ಡಾಕ್ಟರು ಬಂದು ಕಾಗದ ಬರೆದುಕೊಟ್ಟು ಹೋದರು. ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಚಕ್ಕಳಮಕ್ಕಳ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಮಣ್ಣಿಗೆ ಕೊಡುತ್ತಾರೆ. ಮೂವತ್ತೆಂಟು ವರ್ಷ ಪ್ರೆಸ್ ಮಷೀನಿನ ಮುಂದೆ ನಿಂತೇ ದುಡಿದವನಿಗೆ ಕೂಡುವ ಯೋಗ ಬಂದದ್ದು ಈಗ. ಅದಕ್ಕೂ ಮೊಣಕಾಲು ಒಪ್ಪುತ್ತಿರಲಿಲ್ಲ.

ಕಾಶಿನಾಥಣ್ಣ ಕೆಟ್ಟವನಲ್ಲ, ಅವಸರದವನು. ಈ ಭಾಗದಲ್ಲಿ ನಮ್ಮ ಕಡೆಯವರು ಯಾರು ತೀರಿಕೊಂಡರೂ ಮುಂದೆ ನಿಂತು ಎಲ್ಲ ಸಾಗಿಸುವವನು ಅವನೇ. ಹೆಣದ ಬೆನ್ನಿಗೆ ಕೈಕೊಟ್ಟು ಕೂತಿದ್ದವನು ದೇವಾನಂದ, ಸತ್ತವನ ಅಣ್ಣನ ಮಗ. ದಾನವ್ವನಿಗೆ ಇನ್ನೂ ಅಳು ಬಂದಿರಲಿಲ್ಲ. ದಣಿವು ಬಂದಿತ್ತು. ಎಷ್ಟು ದಣಿವೆಂದರೆ, ಗಂಡನ ಪಕ್ಕದಲ್ಲೇ ಒಂದು ಗಳಿಗೆ ಅಡ್ಡಾಗಿಬಿಡಲೇ ಅನಿಸುತ್ತಿತ್ತು. ಆದರೂ ಊರಿಗೆ ಫೋನ್ ಮಾಡುವ ಮೊದಲೇ ಅವಳು ಅಂಧೇರಿಯ ಸ್ನೇಹಲ್‌ಗೆ ಫೋನ್ ಮಾಡಿದ್ದಳು.

*

ಆರು ವರ್ಷದ ಹಿಂದೆ ಶಿವಪುತ್ರಪ್ಪನ ಅಣ್ಣ ರಾಮಪ್ಪ ಊರಲ್ಲಿ ತೀರಿಹೋದಾಗ, ಇವರು ಹೋಗಿ ಮುಟ್ಟುವಷ್ಟರಲ್ಲಿ ಹೆಣ ಕಟ್ಟಿಗೆಯಾಗಿತ್ತು. ನಾಲ್ಕು ಜನ ಸೇರಿ ಕಾಲು ಮಡಚಿದರು. ಲಟ್ಟೆಂದು ಸದ್ದಾಯಿತು. ಭಜನೆಯವರು ಕೂಡ ಹಾಡುವುದನ್ನು ನಿಲ್ಲಿಸಿಬಿಟ್ಟರು. ತಿರುಗಿ ಬರುವಾಗ ರೈಲು ಸೊಲ್ಲಾಪುರ ದಾಟಿದ ಮೇಲೆ ಶಿವಪುತ್ರಪ್ಪ ಹೆಂಡತಿಯ ಕಡೆ ತಿರುಗಿದ.

“ನಂದು ಹಂಗ ಮುರೀಬಾರದು. ಅಷ್ಟು ನೋಡ್ಕೋ” ಎಂದ.

“ಸತ್ತ ಮ್ಯಾಲ ನೋವು ಆಗತೈತೇನ್ರಿ?”

“ನನಗ ಆಗೂದಿಲ್ಲ. ಕೇಳಿದವ್ರಿಗೆ ಆಗತೈತಿ.”

ಹೋದ ವರ್ಷ ಕಾಲೇಜಿನ ಹುಡುಗ ಹುಡುಗಿಯರು ಶನಿವಾರಕ್ಕೊಮ್ಮೆ ಚಾಳಿಗೆ ಬರತೊಡಗಿದರು. ವಯಸ್ಸಾದವರ ಕೈಕಾಲು ಗಟ್ಟಿಯಿರಲಿ ಎಂದು ಅವರ ವಿಶ್ವವಿದ್ಯಾಲಯ ಹಾಕಿಕೊಂಡ ಸೇವೆ ಅದು. ಗಣಪತಿ ಕೂಡಿಸುವ ಹಾಲ್‌ನಲ್ಲಿ ಚಾಪೆ ಹಾಸಿ, ನಿಮಗೆ ಏನು ಮಾಡಲು ಆಗಬೇಕು ಎಂದು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರಿಗೆ ಸ್ಟೇಶನ್ನಿನ ಸೇತುವೆ ಹತ್ತಬೇಕಿತ್ತು. ಇನ್ನೊಬ್ಬರಿಗೆ ಮೊಮ್ಮಗನನ್ನು ಎತ್ತಿಕೊಳ್ಳಬೇಕಿತ್ತು. ಶಿವಪುತ್ರಪ್ಪ ಮಾತ್ರ, “ನೆಲದ ಮ್ಯಾಲ ಚಕ್ಕಳಮಕ್ಕಳ ಕುಂದ್ರಬೇಕ್ರಿ” ಎಂದ.

“ಜೇವಾಯಲಾ, ಆಜೋಬಾ? ಊಟಕ್ಕೆ?” ಎಂದಳು ಸ್ನೇಹಲ್. ಫಿಸಿಯೋಥೆರಪಿ ಓದುವ ಹುಡುಗಿ. ಅಜ್ಜಿ ಬೆಳಗಾವಿಯವಳಾದ್ದರಿಂದ ಕನ್ನಡ ತಿಳಿಯುತ್ತಿತ್ತು, ಆಡಹೋದರೆ ನಾಲಿಗೆ ತೊಡರುತ್ತಿತ್ತು.

“ಹೂಂ. ಊಟಕ್ಕ.”

ಅವಳು ಅದನ್ನೇ ಬರೆದುಕೊಂಡಳು. ಮನೆಗೆ ಬಂದ ಮೇಲೆ ದಾನವ್ವ ಕೇಳಿದರೆ, “ಸಣ್ಣ ಹುಡುಗಿ. ಖರೇ ಹೇಳಿದ್ರ ಅಂಜತೈತಿ” ಎಂದ.

ಮೂರು ದಿಂಬಿನ ಮೇಲೆ ಕೂರಲು ಶುರು ಮಾಡಿದವನು ಎರಡಕ್ಕಿಳಿದ. ಶಾಖಕ್ಕೆ ನೀರು ಕಾಯಿಸಿ ಕಾಯಿಸಿ ದಾನವ್ವ ಬೇಸತ್ತು, “ಕುರ್ಚಿ ಐತಲ್ಲ, ಅರಸನಂಗ ಕುಂದ್ರಬಾರದ?” ಎಂದು ಬೈದಳು. ಬಲಗಾಲು ಪೂರ್ತಿ ಮಡಚಿಕೊಂಡಿತು. ಎಡಗಾಲು ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಪರೀಕ್ಷೆ ಬಂತು, ಹುಡುಗರು ಬರುವುದು ನಿಂತಿತು.

*

ಒಂಬತ್ತಕ್ಕೆ ಸ್ನೇಹಲ್ ಓಡುತ್ತ ಬಂದು ಹೊಸ್ತಿಲಲ್ಲಿ ನಿಂತುಬಿಟ್ಟಳು.

“ಸಾರಿ ಆಜಿ. ಎಕ್ಸಾಮ್ ಆದ್ಮೇಲೆ ನಾನು ಬರ್ಲೇ ಇಲ್ಲ.”

“ಅದಿರಲಿ ತಂಗಿ. ಅವ್ರು ನಿನ್ನ ಕಡೆ ಕುಂದ್ರೂದು ಕಲತದ್ದು ಊಟಕ್ಕಲ್ಲ, ಇವತ್ತಿನ ದಿನಕ್ಕ. ನಮ್ಮೊಳಗ ಹೆಣಾ ಕುಂದ್ರಸತಾರ. ಕಾಲು ಮಡಚಲಿಲ್ಲಂದ್ರ ಮುರೀತಾರ.”

ಹುಡುಗಿ ಹೆಣ ನೋಡಿದಳು, ಕಾಶಿನಾಥಣ್ಣನ ಮೇಲೇರಿಸಿದ ತೋಳು ನೋಡಿದಳು. ಮುಖ ಸಪ್ಪಗಾಯಿತು.

“ನನಗೆ ಹೇಳ್ಬೇಕಿತ್ತಲ್ಲ ಆಜಿ... ರಿಪೋರ್ಟ್‌ನಲ್ಲಿ ನಾನು ಊಟಕ್ಕೆ ಅಂತ ಬರ್ದೆ.”

“ಅಂಜತಿ ಅಂತ ಹೇಳಲಿಲ್ಲ. ಈಗೂ ಅಂಜಿಕಿ ಇದ್ರ ಹೋಗವ್ವಾ, ನಾ ಬ್ಯಾಸರ ಮಾಡ್ಕೊಳ್ಳೂದಿಲ್ಲ. ಆದ್ರ ಮುರೀಲಾರದಂಗ ಕುಂದ್ರಸಾಕ ನಿನ್ನ ಬಿಟ್ರ ಇಲ್ಲಿ ಯಾರಿಗೂ ಬರೂದಿಲ್ಲ.”

ಸ್ನೇಹಲ್ ಬೆನ್ನಿನ ಚೀಲ ಇಳಿಸಿ, ಮೂಲೆಯ ಬಚ್ಚಲಲ್ಲಿ ಕೈ ತೊಳೆದು ಬಂದಳು. ಮೊಣಕಾಲಿಗೆ ಕೈ ಹಚ್ಚಲೇ ಇಲ್ಲ. ತೊಡೆಯ ಬುಡದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಕೆಳಗೆ ಬಂದಳು. “ಸಾವಕಾಶ, ಆಜೋಬಾ, ಸಾವಕಾಶ” ಎಂದು ಗುನುಗುತ್ತಿದ್ದಳು. ಯಾರಿಗೂ ನಗು ಬರಲಿಲ್ಲ. ಅರ್ಧ ತಾಸಿಗೆ ಬಲಗಾಲು ಮಡಚಿಕೊಂಡಿತು. ಎಡಗಾಲು ಅರ್ಧದವರೆಗೆ ಬಂದು ನಿಂತಿತು. ಮೂರು ಸಲ ಮಡಚಿ ನೋಡಿದಳು. ಮೂರನೆಯದಕ್ಕೆ ಕೈ ತೆಗೆದು ಅತ್ತಳು.

“ಇಷ್ಟೇ ಆಜಿ. ಜೀವ ಇದ್ದಾಗ್ಲೂ ಇಲ್ಲೀ ತನಕಾನೇ ಬರ್ತಿತ್ತು. ಇನ್ನೂ ಒತ್ತಿದ್ರೆ ಮುರೀತದೆ.”

“ಇಷ್ಟಕ್ಕ ಬಿಟ್ರ ಹ್ಯಾಂಗ?” ಎಂದ ಕಾಶಿನಾಥಣ್ಣ. “ಎರಡೂ ಕಾಲು ಮಡಚಬೇಕು, ನೇಮ ಐತಿ. ಕುಣಿ ಅಳತಿ ಪ್ರಕಾರ ತೋಡ್ಯಾರ, ಎದ್ದು ನಿಂತ ಮೊಣಕಾಲು ಅದರಾಗ ಹಿಡಿಸೂದಿಲ್ಲ. ಒಂದ ಸಲ ಒತ್ತಿದ್ರ ಮುಗೀತು. ದೇವಾನಂದ, ಗಟ್ಟಿ ಹಿಡಿ.”

ದೇವಾನಂದ ಅಲುಗಲಿಲ್ಲ. “ನಮ್ಮಪ್ಪಂದು ಹಿಡದಾಂವ ನಾನ ಅಣ್ಣಾ. ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲ.”

ದಾನವ್ವ ಗಂಡನ ಎಡಕ್ಕೆ ಕೂತು, ಆ ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಆಗ ಅವಳಿಗೆ ಅಳು ಬಂತು.

“ಜನ್ಮಪೂರ್ತಿ ನಿಂತ ಕಾಲು ಇದು. ಅರ್ಧ ಕುಂತದ್ದ ದೊಡ್ಡದು. ಇದನ್ನ ನೋಡಿ ಶಿವಾ ಬಾಗಲಾ ಹಾಕಾಂವ ಇದ್ರ ಹಾಕ್ಕೊಳ್ಳಲಿ. ನಾ ಇಲ್ಲಿಂದ ಏಳೂದಿಲ್ಲ.”

ಕಾಶಿನಾಥಣ್ಣ ಗೋಡೆಯ ಗಡಿಯಾರ ನೋಡಿದ. ಮಡಚಿದ ತೋಳನ್ನು ಬಿಚ್ಚಿ ಇಳಿಸಿದ. ಆಮೇಲೆ ದಾನವ್ವನ ಎದುರು ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳು ಕಿರುಬೆರಳು ಅಗಲಿಸಿ, ನೆಲದಿಂದ ಮೊಣಕಾಲಿನವರೆಗೆ, ಮೊಣಕಾಲಿನಿಂದ ಹೊರಗಡೆಗೆ ಅಳೆದ. ಕಿಸೆಯಿಂದ ಫೋನ್ ತೆಗೆದು ಸ್ಮಶಾನದಲ್ಲಿ ಕುಣಿ ತೋಡುವ ಮರೆಪ್ಪನಿಗೆ ಹಚ್ಚಿದ.

“ಮರೆಪ್ಪಾ, ಕುಣಿ ಎಡಗಡಿ ಒಂದು ಗೇಣು ಅಗಲ ಮಾಡು... ಏ, ತಡಿ, ತಡಿ.”

ಬಾಗಿ, ಮುಟ್ಟಿಯೂ ಮುಟ್ಟದಂತೆ ಇನ್ನೊಮ್ಮೆ ಅಳೆದ.

“ಒಂದೂವರಿ ಗೇಣು ತಗೀ. ಮೊಣಕಾಲಿಗೆ ಮಣ್ಣು ತಾಗಬಾರದು.”